ರಿಟೈರ್ ಆದಮೇಲೆ ದೇವರನ್ನು ಹುಡುಕಿದರೆ ಸಾಲದೇ?

ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಕೊನೇ ಗಳಿಗೆಯಲ್ಲಿ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತಲ್ಲ, ನಾನೂ ಬೆಂಗಳೂರಿನ ಮನೆ ಸಾಲ ತೀರಿಸಿ, ಮಗಳನ್ನು ಓದಿಸಿ, ಆಮೇಲೆ ದೇವರ ಕಡೆ ತಿರುಗುತ್ತೇನೆ ಅಂತ ಬರೆದಿದ್ದೀರಿ. ಇದೇ ಕಳ್ಳನನ್ನು ಮುಂದಿಟ್ಟುಕೊಂಡು ನಾನೂ ಅರ್ಧ ಆಯುಷ್ಯ ಕಳೆದವನು.

ನಮ್ಮದು ಬೆಟಗೇರಿ. ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಸಭೆಯಲ್ಲಿರುವ ಕ್ರೈಸ್ತ ಮನೆತನ. ಒಲೆ ಹಚ್ಚುವ ಮುಂಚೆ ಅವ್ವ ಸತ್ಯವೇದ, ಅಂದರೆ ಬೈಬಲ್, ಓದಲೇಬೇಕು. ನಾನು ಹುಬ್ಬಳ್ಳಿಯಲ್ಲಿ ಪೇಂಟ್ ಅಂಗಡಿ ಹಾಕಿದೆ. ಮನೆ ಕಟ್ಟಿಸುವವರು ಗಂಡ-ಹೆಂಡತಿ ಕೂಡಿ ಶೇಡ್ ಕಾರ್ಡ್ ನೋಡಲು ಬರೋದೇ ಭಾನುವಾರ. ಆರಾಧನೆ ತಪ್ಪಿತು, ನಿಧಾನಕ್ಕೆ ಮನೆಯ ಪ್ರಾರ್ಥನೆಯೂ ತಪ್ಪಿತು.

ಅಂಗಡಿ ತೆರೆದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ನರ್ಸುಗಳಿಗೆ, ಬಸ್ ಡ್ರೈವರ್‌ಗಳಿಗೆ ಭಾನುವಾರವೂ ಕೆಲಸವಿರುತ್ತದೆ, ಅವರಲ್ಲಿ ಎಂಥೆಂಥ ಭಕ್ತರಿದ್ದಾರೆ. 'ದೇವರನ್ನು ಬೇಡ ಅಂದಿಲ್ಲ, ಆಮೇಲೆ ಅಂದಿದ್ದೇನೆ ಅಷ್ಟೆ' ಅಂತ ನಂಬಿದೆನಲ್ಲ, ಅದೇ ನನ್ನನ್ನು ಕೆಡಿಸಿದ್ದು. ಬೇಡ ಅಂದಿದ್ದರೆ ಮನಸ್ಸು ಚುಚ್ಚುತ್ತಿತ್ತು, ಅವ್ವನ ಜೊತೆ ಜಗಳವಾಗುತ್ತಿತ್ತು, ಒಂದು ರಾತ್ರಿಯಾದರೂ ನಿದ್ದೆ ಕೆಡುತ್ತಿತ್ತು. ಆಮೇಲೆ ಅಂದದ್ದಕ್ಕೆ ಇದ್ಯಾವುದೂ ಆಗಲಿಲ್ಲ. ದೇವರಿಗಾಗಿ ನನ್ನಲ್ಲಿದ್ದ ಹಂಬಲ ಬ್ಯಾಂಕಿನ ಠೇವಣಿಯ ಹಾಗೆ ಇರುತ್ತದೆ, ಬೇಕಾದಾಗ ಬಿಡಿಸಿಕೊಳ್ಳೋಣ ಅಂದುಕೊಂಡಿದ್ದೆ. ಅದು ಕರಗುತ್ತಿತ್ತು. ಕರಗುತ್ತಿರುವುದು ನನಗೆ ಗೊತ್ತೂ ಆಗಲಿಲ್ಲ.

ಅವ್ವ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಒಂದು ಸಂಜೆ ಸಭೆಯ ಪಾದ್ರಿ ಅಯ್ಯನವರು ಬರುವುದು ತಡವಾಯಿತು. "ನೀನೇ ಪ್ರಾರ್ಥನಾ ಮಾಡಪಾ" ಅಂದಳು. ಕೈ ಹಿಡಿದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪೂರ್ತಿ ಹೇಳಿದೆ. ಸಂಡೇ ಸ್ಕೂಲಿನ ಪಾಠ, ನಾಲಿಗೆ ತಡವರಿಸಲಿಲ್ಲ. ಅವಳು ಕಣ್ಣು ತೆರೆಯಲಿಲ್ಲ, ಮಗ ತನ್ನ ಮಾತಿನಲ್ಲಿ ಏನಾದರೂ ಬೇಡುತ್ತಾನೆ ಅಂತ ಕಾಯುತ್ತಿದ್ದಳು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಯಾರ ಹತ್ತಿರ ಬೇಡಬೇಕೋ ಆತನ ಪರಿಚಯವೇ ನನಗಿರಲಿಲ್ಲ. ಕೊನೆಗೆ ಆಕ್ಸಿಜನ್ ಮಾಸ್ಕ್ ಸರಿಸಿ ಅವಳೇ ನನಗಾಗಿ ಪ್ರಾರ್ಥಿಸಿದಳು. ಅದಾದಮೇಲೆ ನಾನು ದೇವರ ಕಡೆ ತಿರುಗಿದೆ, ಆತ ಕೈಬಿಡಲಿಲ್ಲ. ಆದರೆ ಅವ್ವನ ಪಕ್ಕ ಕೂತು ಪ್ರಾರ್ಥಿಸುವ ಭಾಗ್ಯ ಈ ಲೋಕದಲ್ಲಿ ನನಗಿನ್ನಿಲ್ಲ.

ನಿಮ್ಮ ಲೆಕ್ಕ ಹಳೆಯದು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ, ಅಂದರೆ ಕ್ರೈಸ್ತನಾಗುವಾಗ ಪಾಪ ತೊಳೆಯುವ ಸ್ನಾನ, ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಆಮೇಲೆ ಮಾಡುವ ಪಾಪ ತೊಳೆಯುವುದು ಹೇಗೆ ಎಂಬ ಭಯಕ್ಕೆ ಆಗ ಎಷ್ಟೋ ಜನ ಹಾಗೇ ಮುಂದೂಡುತ್ತಿದ್ದರು. ಮುಂದೆ ದೊಡ್ಡ ಕ್ರೈಸ್ತ ಗುರುವಾದ ಅಗಸ್ಟೀನನಿಗೂ ಚಿಕ್ಕಂದಿನಲ್ಲಿ ಕಾಯಿಲೆಯಾದಾಗ ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆದಿತ್ತು, ಗುಣವಾದ ಕೂಡಲೇ ಮುಂದೆ ಹಾಕಿದರು. 387ರಲ್ಲಿ ಮಿಲಾನ್‌ನಲ್ಲಿ ಅದು ಆಗುವಷ್ಟರಲ್ಲಿ ಅವನಿಗೆ 32 ವರ್ಷ. ದೇವರನ್ನು ತಡವಾಗಿ ಪ್ರೀತಿಸಿದೆನಲ್ಲ ಎಂದು ಅವನು ಪಟ್ಟ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಆ ಕಳ್ಳ. ಲೂಕನ ಸುವಾರ್ತೆಯ 23ನೇ ಅಧ್ಯಾಯ ಇನ್ನೊಮ್ಮೆ ಓದಿ. ಅವನು ಮುಂದೂಡಿದವನು ಅಂತ ಅಲ್ಲಿ ಎಲ್ಲೂ ಇಲ್ಲ. ಯೇಸು ಪಕ್ಕದಲ್ಲಿ ಸಿಕ್ಕ ದಿನವೇ, ಪ್ರಾಣ ಹೋಗುವ ನೋವಿನಲ್ಲೂ ಕೇಳಿಕೊಂಡ. ನೀವು ಗೊತ್ತಿದ್ದೂ ಗೊತ್ತಿದ್ದೂ ಮೂವತ್ತು ವರ್ಷ ಆಗಲಿ ಅನ್ನುತ್ತಿದ್ದೀರಿ. ನಿಮಗೆ ಹೋಲುವವನು ಲೂಕ 12ರ ಐಶ್ವರ್ಯವಂತ. ದೊಡ್ಡ ಕಣಜ ಕಟ್ಟಿಸುತ್ತೇನೆ, ಬಹಳ ವರ್ಷಕ್ಕಾಗುವಷ್ಟಿದೆ ಅಂದವನ ಪ್ರಾಣವನ್ನು ಆ ರಾತ್ರಿಯೇ ಕೇಳಲಾಯಿತು.

ಸಾಲ ತೀರಲಿ ಅಂತ ಕಾಯಬೇಡಿ. ಪ್ರಸಂಗದ ವಿಡಿಯೊ ನೋಡಿ ಮುಗಿಸಲೂಬೇಡಿ. ಲೂಕನ ಸುವಾರ್ತೆಯನ್ನು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿ, ಇರುವುದು 24. ಓದಿದಮೇಲೆ ಆಫೀಸಿನ ಸಿಟ್ಟು, ಇಎಂಐ ಚಿಂತೆ ಎಲ್ಲ ಸೇರಿಸಿ ನಿಮ್ಮ ಮಾತಿನಲ್ಲೇ ಬೇಡಿ. ನಂಬಿಕೆ ಬರುತ್ತಿಲ್ಲವಾದರೆ ಅದನ್ನೂ ಆತನಿಗೇ ಹೇಳಿ. ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ, ಅಪ್ಪ ಬೇಡುವುದನ್ನು ಅವಳು ಕೇಳಿಸಿಕೊಳ್ಳಲಿ. ಭಾನುವಾರ ಶಿಫ್ಟ್ ಇದ್ದರೆ, ಸಂಜೆ ಆರಾಧನೆ ಇರುವ ಚರ್ಚುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.