ಎರಡನೇ ಆಸಿಲೇಟರ್ ಜೋಡಿಸಿದರೆ ಶ್ರುತಿ ಇಳಿಯುವುದೇಕೆ?

ಪ್ರಶ್ನೆ: 4017 ಎಂಬ ಎಣಿಕೆ ಚಿಪ್ ಮತ್ತು 100 ಕಿಲೋಓಮ್‌ನ ಎಂಟು ಪಾಟ್‌ಗಳಿಂದ (ತಿರುಗಿಸಿ ಹೊಂದಿಸುವ ರೋಧಕಗಳು), 5 ವೋಲ್ಟ್‌ನಲ್ಲಿ ನಡೆಯುವ ಸೀಕ್ವೆನ್ಸರ್ (ಸ್ವರಗಳನ್ನು ಸರದಿಯಂತೆ ನುಡಿಸುವ ಸಾಧನ) ಕಟ್ಟಿದ್ದೇನೆ. ಅದಕ್ಕೆ ಎರಡನೇ ಆಸಿಲೇಟರ್ (ವೋಲ್ಟೇಜ್‌ಗೆ ತಕ್ಕಂತೆ ಸ್ವರ ಹೊರಡಿಸುವ ಸರ್ಕಿಟ್) ಜೋಡಿಸಿದೊಡನೆ ಎರಡರ ಶ್ರುತಿಯೂ ಇಳಿಯುತ್ತದೆ. ಏಕೆ?
– ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಚಿಪ್‌ನಲ್ಲಿ ದೋಷವಿಲ್ಲ, ದಯವಿಟ್ಟು ಅದನ್ನು ಕಿತ್ತುಹಾಕಬೇಡಿ. ನಡುವಿಗೆ ತಿರುಗಿಸಿದ ಪಾಟ್ 25 ಕಿಲೋಓಮ್ ರೋಧದಂತೆ ವರ್ತಿಸುವುದರಿಂದ, 100 ಕಿಲೋಓಮ್ ಇನ್‌ಪುಟ್‌ನ ಒಂದು ಆಸಿಲೇಟರ್‌ಗೆ 2 ವೋಲ್ಟ್ ತಲುಪಿದರೆ, ಅಂಥವೇ ಎರಡು ಸೇರಿದಾಗ ಸುಮಾರು 1.67 ವೋಲ್ಟ್ ಮಾತ್ರ ಉಳಿಯುತ್ತದೆ. ಒಂದು ಸಪ್ತಕಕ್ಕೆ 1 ವೋಲ್ಟ್ ಎಂಬ ಲೆಕ್ಕದಲ್ಲಿ ಅದು ನಾಲ್ಕು ಸ್ವರಸ್ಥಾನಗಳ ಇಳಿತ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಟಿಎಲ್072 ಆಪ್‌ಆಂಪ್ (ಸಿಗ್ನಲ್ ವರ್ಧಕ ಚಿಪ್) ಕೊಂಡು, ಅದರ ಔಟ್‌ಪುಟನ್ನು ಮೈನಸ್ ಇನ್‌ಪುಟ್‌ಗೆ ನೇರವಾಗಿ ಜೋಡಿಸಿ, ಪಾಟ್‌ಗಳ ತಂತಿಯನ್ನು ಪ್ಲಸ್ ಇನ್‌ಪುಟ್‌ಗೆ ಕೊಡಿ; ಆಸಿಲೇಟರ್‌ಗಳನ್ನು ಆ ಔಟ್‌ಪುಟ್‌ಗೆ ಜೋಡಿಸಿದರೆ ಅವುಗಳ ಹೊರೆ ಪಾಟ್‌ಗಳ ಮೇಲೆ ಬೀಳುವುದಿಲ್ಲ. ಪಾಟ್‌ಗಳ ಮುಂದೆ ಡಯೋಡ್‌ಗಳಿದ್ದರೆ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಆ ತಂತಿಯಿಂದ ಗ್ರೌಂಡ್‌ಗೆ 1 ಮೆಗಾಓಮ್ ರೆಸಿಸ್ಟರ್ ಬೇಕೇ ಬೇಕು.