ಕಲ್ಲು, ಬಿಸಿಲು, ಕ್ಯಾಮೆರಾ: ಓದುಗರ ಪ್ರಶ್ನೆಗೆ ಉತ್ತರ

ಹಳೇ ಕೋಟೆ, ಗುಡಿ, ಶಾಸನಗಳ ಫೋಟೋ ತೆಗೆಯೋದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆಯಿಂದ ಒಳ್ಳೊಳ್ಳೆ ಪ್ರಶ್ನೆ ಬಂದಿವೆ. ಎಲ್ಲದಕ್ಕೂ ಇಲ್ಲಿ ಜಾಗ ಸಾಲಲ್ಲ, ಒಂದೇ ಥರದವನ್ನ ಸೇರಿಸಿ ಉತ್ತರ ಬರೆದಿದೀನಿ.

ಪ್ರ: ಸರ್, ದುರ್ಗದ ಕೋಟೆಗೆ ಹೋದಾಗೆಲ್ಲ ಮೊಬೈಲಲ್ಲಿ ಫೋಟೋ ತೆಗೀತೀನಿ. ಕಣ್ಣಿಗೆ ಅಷ್ಟು ಚೆಂದ ಕಾಣೋ ಕಲ್ಲು ಫೋಟೋದಲ್ಲಿ ಸಪ್ಪೆ ಅನ್ಸುತ್ತೆ. ಒಳ್ಳೆ ಕ್ಯಾಮೆರಾ ತಗೋಬೇಕಾ? — ಒಬ್ಬ ವಿದ್ಯಾರ್ಥಿ, ಹಿರಿಯೂರು

ಉ: ಕ್ಯಾಮೆರಾ ಈಗಲೇ ಬೇಡ ತಮ್ಮಾ, ನೀನು ಹೋಗೋ ಟೈಮ್ ಬದಲಾಯಿಸು ಸಾಕು. ನಮ್ಮ ಜನ ತಿಂಡಿ ತಿಂದು, ಬಸ್ ಹಿಡಿದು ಕೋಟೆ ಬಾಗಿಲಿಗೆ ಬರೋ ಹೊತ್ತಿಗೆ ಹನ್ನೊಂದು ಗಂಟೆ ಆಗಿರುತ್ತೆ, ಆಗ ಬಿಸಿಲು ಮೇಲಿಂದ ಸುರೀತಿರುತ್ತೆ, ಬಂಡೆಯೆಲ್ಲ ಒಂದೇ ಸಮ ಬಿಳಿಚಿಕೊಂಡಿರುತ್ತೆ, ಎಷ್ಟು ಲಕ್ಷದ ಕ್ಯಾಮೆರಾ ಹಿಡಿದ್ರೂ ಅಷ್ಟೇ. ಕಲ್ಲಿನ ಮೈ ಕಾಣಬೇಕಂದ್ರೆ ಬೆಳಕು ಅಡ್ಡಡ್ಡ ಸವರಿಕೊಂಡು ಹೋಗ್ಬೇಕು.

ಒಂದು ಉದಾಹರಣೆ ಹೇಳ್ತೀನಿ. ಕೋಟೆ ಒಳಗಿನ ಬಂಡೆಗಳ ಮೇಲೆ ಸಾಲಾಗಿ ಚೌಕದ ಸಣ್ಣ ಸಣ್ಣ ಗುಳಿ ಇರೋದನ್ನ ನೋಡಿರ್ತೀಯ. ಕಲ್ಲು ಸೀಳೋಕೆ ಬೆಣೆ ಹೊಡೀಬೇಕಲ್ಲ, ಅದಕ್ಕೆ ಉಳಿಯಲ್ಲಿ ತೋಡಿದ ಗುಳಿಗಳವು. ಮಧ್ಯಾಹ್ನ ನೋಡಿದ್ರೆ ಬರೀ ಕಪ್ಪು ಚುಕ್ಕೆ. ಅದೇ ಬೆಳಗಿನ ಎಳೇ ಬಿಸಿಲಲ್ಲಿ ನೋಡು, ಒಂದೊಂದು ಗುಳಿಯಲ್ಲೂ ಅರ್ಧ ನೆರಳು ಅರ್ಧ ಬೆಳಕು, ಒಳಗೋಡೆ ಮೇಲೆ ಉಳಿ ಜಾರಿದ ಗೀರು ಸಮೇತ ಕಾಣುತ್ತೆ, ಸಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ನಿಂತಿದೆ ಅಂತ ಗೊತ್ತಾಗುತ್ತೆ. 1779ರಲ್ಲಿ ಹೈದರಾಲಿ ಕೈಗೆ ಹೋಗೋತನಕ ನಾಯಕರು ತಲೆತಲಾಂತರ ಕಟ್ಟಿ ಬೆಳೆಸಿದ ಕೋಟೆ ಇದು. ಹೆಸರಿಲ್ಲದ ಕಲ್ಲುಕುಟಿಗರ ಕೈ ಕೆಲಸ ನಮಗೆ ಕಣ್ಣಾರೆ ಸಿಗೋದು ಇಂಥ ಗುಳಿಗಳಲ್ಲೇ, ನಾನಂತೂ ಇದನ್ನ ಬಾಗಿಲು ಬತೇರಿಗಿಂತ ಹೆಚ್ಚು ಪ್ರೀತಿಯಿಂದ ತೆಗೀತೀನಿ.

ಇನ್ನೊಂದು, ಯಾವ ಗೋಡೆಗೆ ಯಾವ ತಿಂಗಳಲ್ಲಿ ಬಿಸಿಲು ಬೀಳುತ್ತೆ ಅನ್ನೋದು. ನಾವಿರೋದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಸೂರ್ಯ ಹುಟ್ಟೋದೂ ಮುಳುಗೋದೂ ಉತ್ತರಕ್ಕೆ ವಾಲಿಕೊಂಡೇ, ಹಾಗಾಗಿ ಗುಡಿಯ ಉತ್ತರದ ಗೋಡೆಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ಸಿಗೋದು ಆ ತಿಂಗಳುಗಳಲ್ಲಿ ಮಾತ್ರ. ಡಿಸೆಂಬರಲ್ಲಿ ಹೋಗಿ ಉತ್ತರದ ಗೋಡೆ ಶಿಲ್ಪ ಕತ್ತಲಾಗಿ ಬಂತು ಅಂತ ಬೇಜಾರಾದ್ರೆ ಅದು ಕ್ಯಾಮೆರಾದ ತಪ್ಪಲ್ಲ, ಚಳಿಗಾಲ ದಕ್ಷಿಣದ ಗೋಡೆಯ ಕಾಲ. ಸೂರ್ಯನ ದಿಕ್ಕು ತೋರಿಸೋ ಆ್ಯಪ್‌ಗಳು ಮೊಬೈಲಲ್ಲೇ ಸಿಗ್ತವೆ, ಹೊರಡೋ ಮುಂಚೆ ಒಂದ್ಸಲ ನೋಡ್ಕೋ. ಕೋಟೆ ಬಾಗಿಲುಗಳ ಹತ್ರ ಇನ್ನೂ ಹುಷಾರಾಗಿರ್ಬೇಕು, ಶತ್ರು ನೇರ ನುಗ್ಗಬಾರ್ದು ಅಂತ ದಾರಿಯನ್ನ ತಿರುವು ತಿರುವಾಗಿ ಕಟ್ಟಿದಾರಲ್ಲ, ಎರಡು ಎತ್ತರದ ಗೋಡೆ ಮಧ್ಯೆ ಬಿಸಿಲು ಇಳಿಯೋದೇ ಸ್ವಲ್ಪ ಹೊತ್ತು.

ಪ್ರ: ಗುಡಿ ಮುಂದಿನ ದೀಪಸ್ತಂಭ, ಉಯ್ಯಾಲೆ ಕಂಬ ತೆಗೆದ್ರೆ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ, ಯಾಕೆ? — ಶಾಲಾ ಶಿಕ್ಷಕಿ, ಹೊಳಲ್ಕೆರೆ

ಉ: ಮೇಡಂ, ತುದಿ ಸಿಗಲಿ ಅಂತ ಕ್ಯಾಮೆರಾನ ಮೇಲಕ್ಕೆ ವಾಲಿಸ್ತೀವಲ್ಲ, ಅದರಿಂದ. ಕ್ಯಾಮೆರಾ ಕಂಬಕ್ಕೆ ಸಮಾನಾಂತರ ಇದ್ರೆ ಕಂಬದ ಎರಡೂ ಅಂಚಿನ ಗೆರೆ ನೆಟ್ಟಗಿರುತ್ತೆ, ವಾಲಿಸಿದ ಕೂಡ್ಲೇ ಮೇಲೆ ಹೋದಂಗೆ ಒಂದಕ್ಕೊಂದು ಹತ್ತಿರ ಬರುತ್ತೆ. ಸಾಧ್ಯ ಆದಷ್ಟು ಹಿಂದಕ್ಕೆ ಹೋಗ್ರಿ, ಅಥವಾ ಪಕ್ಕದ ಬಂಡೆ ಹತ್ತಿ ಕಂಬದ ಅರ್ಧ ಎತ್ತರಕ್ಕೆ ಬರ್ರಿ. ದುರ್ಗದಲ್ಲಿ ಬಂಡೆಗೇನು ಬರ ಇಲ್ಲ. ಇದನ್ನೇ ವೃತ್ತಿ ಮಾಡ್ಕೊಂಡೋರು ಟಿಲ್ಟ್ ಶಿಫ್ಟ್ ಅನ್ನೋ ಲೆನ್ಸ್ ಬಳಸ್ತಾರೆ, ಕ್ಯಾಮೆರಾ ಅಲ್ಲಾಡಿಸದೆ ಲೆನ್ಸ್ ಮಾತ್ರ ಮೇಲೆ ಸರಿಸ್ಬಹುದು, ತುಂಬಾ ದುಬಾರಿ, ನಿಮಗೆ ಬೇಕಿಲ್ಲ. ಸಾಫ್ಟ್‌ವೇರಲ್ಲೂ ನೆಟ್ಟಗೆ ಮಾಡಬಹುದು, ಆದ್ರೆ ಅಂಚು ಕತ್ತರಿಸಿ ಹೋಗುತ್ತೆ, ಸುತ್ತ ಜಾಗ ಬಿಟ್ಟು ತೆಗೀರಿ. ನಿಜವಾಗ್ಲೂ ವಾಲಿರೋ ಕಂಬ ಇದ್ರೆ ಮಾತ್ರ ದಯವಿಟ್ಟು ನೆಟ್ಟಗೆ ಮಾಡ್ಬೇಡಿ, ಅದು ವಾಲಿದೆ ಅನ್ನೋದೂ ಒಂದು ದಾಖಲೆ.

ಪ್ರ: ಓಬವ್ವನ ಕಿಂಡಿ ಒಳಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡೋ ಬೆಳಕಿನ ಅಳತೆ) ಸರಿ ಮಾಡಿದ್ರೆ ಹೊರಗೆ ಪೂರ್ತಿ ಬಿಳಿ, ಹೊರಗೆ ಸರಿ ಮಾಡಿದ್ರೆ ಒಳಗೆ ಕತ್ತಲು. — ದಾವಣಗೆರೆ ಓದುಗರು

ಉ: ಬೆಳಕಿನ ಜಾಗಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಇದ್ದದ್ದನ್ನ ಹಾಗೇ ಇಡೋ ಫೈಲು) ತೆಗೆದು, ಆಮೇಲೆ ನೆರಳನ್ನ ಸ್ವಲ್ಪ ಎತ್ತಿ. ಸಾಲದಿದ್ರೆ ಬೇರೆ ಬೇರೆ ಎಕ್ಸ್‌ಪೋಷರಲ್ಲಿ ಮೂರು ಫೋಟೋ ತೆಗೆದು ಸೇರಿಸ್ರಿ. ಆದ್ರೆ ಒಂದು ಮಾತು, ಆ ಕಿಂಡಿಯ ಕಥೆ ಇರೋದೇ ಅದರ ಕತ್ತಲಲ್ಲಿ, ಇಕ್ಕಟ್ಟಲ್ಲಿ. ಒಬ್ಬೊಬ್ಬನೇ ತೂರಿಕೊಂಡು ಬರಬೇಕಾದಂಥ ಸಂದು ಅದು, ಅದಕ್ಕೇ ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಜನರನ್ನ ತಡೆದಳು ಅನ್ನೋದು. ಎಲ್ಲಾ ಮೂಲೆಗೂ ಬೆಳಕು ತುಂಬಿಸಿ ಮೊಬೈಲ್ ಎಚ್‌ಡಿಆರ್ ಥರ ಮಾಡಿದ್ರೆ ಸಂದು ಹೋಗಿ ರೂಮ್ ಆಗುತ್ತೆ. ಕತ್ತಲನ್ನ ಕತ್ತಲಾಗೇ ಬಿಡ್ರಿ, ಬಂಡೆಯ ಅಂಚು ಒಂದು ಕಂಡ್ರೆ ಸಾಕು.

ಪ್ರ: ನಮ್ಮೂರ ಕೆರೆ ಏರಿ ಹತ್ರ ಒಂದು ಶಾಸನ ಕಲ್ಲಿದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಹಚ್ಚಿ ಫೋಟೋ ತೆಗೀಬಹುದಾ? ಹುಡುಗರು ತಂತಿ ಬ್ರಷ್ಷಲ್ಲಿ ಉಜ್ಜೋಣ ಅಂತಾರೆ. — ಮೊಳಕಾಲ್ಮೂರು

ಉ: ಬೇಡ್ರಿ, ಕೈಮುಗಿದು ಕೇಳ್ತೀನಿ. ತಂತಿ ಬ್ರಷ್ ಅಂತೂ ಕಲ್ಲಿನ ಮೇಲ್ಪದರಾನೇ ಕಿತ್ತು ತೆಗೆಯುತ್ತೆ, ಸವೆದ ಅಕ್ಷರ ಇನ್ನಷ್ಟು ಸವೆದು ಮುಂದೆ ಯಾರೂ ಓದೋಕಾಗಲ್ಲ. ಸೀಮೆಸುಣ್ಣದ ತೊಂದ್ರೆ ಇನ್ನೊಂದು ಥರ. ನೀವು ಹಚ್ಚೋದು ನಿಮಗೆ ಕಂಡ ಅಕ್ಷರವನ್ನ. ನಿಮಗೆ 'ವ' ಅನ್ಸಿದ್ದು ನಿಜಕ್ಕೂ 'ಪ' ಆಗಿದ್ರೆ? ಫೋಟೋದಲ್ಲಿ ನಿಮ್ಮ ಊಹೆ ಉಳಿಯುತ್ತೆ, ಶಾಸನ ಅಲ್ಲ.

ಅದರ ಬದಲು ಒಂದು ಕನ್ನಡಿ ತಗೊಂಡು ಹೋಗ್ರಿ, ಮನೇಲಿ ತಲೆ ಬಾಚೋ ಕನ್ನಡಿ ಸಾಕು. ಕಲ್ಲಿಗೆ ಕೊಡೆ ಇಲ್ಲಾ ಬೆಡ್‌ಶೀಟ್ ಹಿಡಿದು ನೆರಳು ಮಾಡಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಬಿಸಿಲನ್ನ ಕನ್ನಡಿಯಿಂದ ಕಲ್ಲಿನ ಮೈಗೆ ತಾಗಿದಂಗೆ ಓರೆಯಾಗಿ ಬಿಡ್ಲಿ. ಕಾಣದೇ ಇದ್ದ ಸಾಲು ಎದ್ದು ಬರುತ್ತೆ, ನೋಡಿದೋರಿಗೆ ಖುಷಿ ತಡೆಯಲ್ಲ. ಬೆಳಕು ಎಡಗಡೆಯಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು ತೆಗೀರಿ, ಯಾಕಂದ್ರೆ ಬೆಳಕು ಬಂದ ದಿಕ್ಕಲ್ಲೇ ಇರೋ ಗೀರು ಕಾಣಲ್ಲ, ಅಡ್ಡ ಇರೋದು ಮಾತ್ರ ಕಾಣುತ್ತೆ. ಇದೇ ತತ್ವದ ಮೇಲೆ ಈಗ ಕಂಪ್ಯೂಟರಲ್ಲಿ ಹತ್ತಾರು ದಿಕ್ಕಿನ ಬೆಳಕಿನ ಫೋಟೋ ಸೇರಿಸಿ ಓದೋ ವಿಧಾನ ಬಂದಿದೆ, ಬೆಂಗಳೂರಲ್ಲಿ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಸ್ಥೆಯವರು ಊರೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಇಡ್ತಿದಾರೆ. ಧೂಳನ್ನ ಮೆತ್ತನೆ ಒಣ ಬ್ರಷ್ಷಲ್ಲಿ ಹಗುರಕ್ಕೆ ಸರಿಸಿ ಅಷ್ಟೇ. ಫೋಟೋ ಪಕ್ಕ ಅಳತೆಪಟ್ಟಿ ಇಟ್ಟು ಒಂದು ತೆಗೀರಿ.

ನಿಮ್ಮದು ಎಂಥ ತಾಲ್ಲೂಕು ಗೊತ್ತಾ? ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ಇರೋ ಸೀಮೆ. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಬೆಳಕಿಗೆ ತಂದ್ರು. ಬ್ರಹ್ಮಗಿರಿಯಲ್ಲಿ ಪೂರ್ತಿ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ರೂ ಬರೆದ ಚಪಡ ಅನ್ನೋ ಲಿಪಿಕಾರ ಕೊನೇಲಿ ಒಂದು ಪದವನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದಾನೆ, ಅದು ವಾಯವ್ಯ ಭಾರತದ ಕಡೆಯ ಲಿಪಿ. ಯಾವನೋ ಆ ಬಂಡೆಯನ್ನ ಉಜ್ಜಿಬಿಟ್ಟಿದ್ರೆ ಆ ಒಂದು ಪದ ನಮಗೆ ಸಿಗ್ತಿತ್ತಾ?

ಪ್ರ: ಫೈನ್ ಆರ್ಟ್ ಫೋಟೋ ಅಂದ್ರೆ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಫ್ರೇಮ್ ಹಾಕೋದಾ? ಇಲಾಖೆಯವರು ದಾಖಲೆಗೆ ತೆಗೆಯೋ ಫೋಟೋಗೂ ಇದಕ್ಕೂ ಏನು ವ್ಯತ್ಯಾಸ? — ಹರಿಹರ

ಉ: ಬಣ್ಣ ತೆಗೆದ್ರೆ ಕಲೆ ಆಗಲ್ಲ. ದಾಖಲೆ ಫೋಟೋಗೆ ಗೋಡೆಯಲ್ಲಿರೋದೆಲ್ಲ ಬೇಕು, ಯಾವುದೂ ಬಿಡೋ ಹಾಗಿಲ್ಲ. ಫೈನ್ ಆರ್ಟ್ ಅಂದ್ರೆ ತೆಗೆಯೋನು ಇದು ಮುಖ್ಯ ಅಂತ ಒಂದನ್ನ ಆರಿಸಿ ಅದಕ್ಕೆ ತಕ್ಕ ಬೆಳಕಿಗಾಗಿ ಕಾದು ಪ್ರಿಂಟ್ ತನಕ ತಾನೇ ಹೊಣೆ ಹೊರೋದು. ಇಂಗ್ಲೆಂಡಿನ ಫೋಟೋಗ್ರಾಫರ್ ಫ್ರೆಡರಿಕ್ ಇವಾನ್ಸ್ 1903ರಲ್ಲಿ ವೆಲ್ಸ್ ಕೆಥೆಡ್ರಲಲ್ಲಿ ಸವೆದ ಮೆಟ್ಟಿಲು ತೆಗೆದ, ಇಡೀ ಚರ್ಚು ಬಿಟ್ಟು ಬರೀ ಮೆಟ್ಟಿಲು, ಇವತ್ತಿಗೂ ಕಟ್ಟಡ ತೆಗೆಯೋರು ಅದನ್ನ ನೋಡಿ ಕಲೀತಾರೆ.

ಹಾಗಂತ ಎರಡೂ ಬೇರೆ ಬೇರೆ ಜಾತಿ ಅಂತ ನಾನು ಒಪ್ಪಲ್ಲ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್ಲಾ 1856ರಲ್ಲಿ ಹಂಪಿಗೆ ಹೋಗಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವಲ್ಲಿ ಫೋಟೋ ತೆಗೆದ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ್ರು, ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ ಏನು ಬಿದ್ದಿದೆ ಏನು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತೆ. ನಿಮ್ಮ ಹರಿಹರೇಶ್ವರ ಗುಡಿನೂ 1850ರ ದಶಕದಲ್ಲೇ ಡಾಕ್ಟರ್ ಪಿಗೂ ಅನ್ನೋರ ಕ್ಯಾಮೆರಾಗೆ ಸಿಕ್ಕಿದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು, ಆ ನುಣುಪು ಕಂಬಗಳ ಮೇಲೆ ಬೆಳಕು ಉದ್ದುದ್ದ ಗೆರೆಯಾಗಿ ನಿಲ್ಲೋದನ್ನ ನೀವೇ ದಿನಾ ನೋಡ್ಬಹುದು, ಊರಲ್ಲೇ ಇದೆ. ಹಳೇ ಫೋಟೋ ಹುಡುಕಿ, ಅದೇ ಕೋನದಿಂದ ಒಂದು ತೆಗೀರಿ. ಇದಕ್ಕಿಂತ ಒಳ್ಳೆ ಅಭ್ಯಾಸ ನನಗೆ ಗೊತ್ತಿಲ್ಲ.

ಪ್ರ: ಟ್ರೈಪಾಡ್, ಡ್ರೋನ್ ಒಯ್ಯಬಹುದಾ? — ಸಂತೇಬೆನ್ನೂರು, ಚಳ್ಳಕೆರೆಯಿಂದ ಹಲವರು

ಉ: ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯೋಕೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಸ್ಟ್ಯಾಂಡ್, ಲೈಟು, ಶೂಟಿಂಗ್ ಅಂದ್ರೆ ಮೊದಲೇ ಅನುಮತಿ ಬೇಕು, ಡ್ರೋನಿಗಂತೂ ಬೇಕೇ ಬೇಕು. ಪೂಜೆ ನಡೆಯೋ ಗುಡಿಯಲ್ಲಿ ಅರ್ಚಕರನ್ನ ಕೇಳ್ರಿ, ಗರ್ಭಗುಡಿ ಬೇಡ ಅಂದ್ರೆ ಬೇಡ. ಸಂತೇಬೆನ್ನೂರು ಪುಷ್ಕರಣಿಗೆ ಡ್ರೋನ್ ಬೇಕೂ ಇಲ್ಲ, ಗಾಳಿ ಏಳೋ ಮುಂಚೆ ಬೆಳಗ್ಗೆ ಮೇಲಿನ ಮೆಟ್ಟಿಲ ಮೇಲೆ ಕೂತ್ರೆ ಮಧ್ಯದ ಮಂಟಪ, ನೀರಲ್ಲಿ ಅದರ ನೆರಳು ಎರಡೂ ಸಿಗ್ತವೆ.

ಪ್ರ: ಮಗಳು ಇದನ್ನೇ ಕಲೀತೀನಿ ಅಂತಾಳೆ. ಇದರಿಂದ ಜೀವನ ನಡೆಯುತ್ತಾ? — ಒಬ್ಬ ತಂದೆ, ಚನ್ನಗಿರಿ

ಉ: ಅಣ್ಣಾರೆ, ಬರೀ ಪ್ರಿಂಟ್ ಮಾರಿ ಬದುಕೋರು ಬಹಳ ಕಮ್ಮಿ ಜನ, ಸುಳ್ಳು ಹೇಳಲ್ಲ. ಆದ್ರೆ ಆರ್ಕಿಟೆಕ್ಟ್‌ಗಳಿಗೆ, ಪ್ರಕಾಶಕರಿಗೆ, ಮ್ಯೂಸಿಯಂಗೆ, ಪ್ರವಾಸೋದ್ಯಮಕ್ಕೆ ಕಟ್ಟಡ ಚೆನ್ನಾಗಿ ತೆಗೆಯೋರು ಬೇಕು, ಆ ಕೆಲಸದಲ್ಲಿ ಸಂಸಾರ ನಡೆಸೋರಿದಾರೆ. ಡಿಗ್ರಿ ಬಿಡಿಸ್ಬೇಡಿ, ಇತಿಹಾಸ ಇಲ್ಲಾ ವಾಸ್ತುಶಿಲ್ಪ ಓದಿದ್ರೆ ಇನ್ನೂ ಒಳ್ಳೇದು, ಏನು ನೋಡ್ತಿದೀನಿ ಅಂತ ಗೊತ್ತಿಲ್ಲದೆ ತೆಗೆದ್ರೆ ಬರೀ ಚೆಂದದ ಫೋಟೋ ಬರುತ್ತೆ ಅಷ್ಟೇ. ಸದ್ಯಕ್ಕೆ ಹೊಸ ಲೆನ್ಸ್ ಕೊಡಿಸೋಕೆ ಹೋಗ್ಬೇಡಿ. ಹತ್ತಿರದ ಒಂದು ಗುಡಿ ಹಿಡಿದು ನಾಲ್ಕೂ ದಿಕ್ಕಿನ ಗೋಡೆನ ವರ್ಷಪೂರ್ತಿ ಬೇರೆ ಬೇರೆ ತಿಂಗಳಲ್ಲಿ ತೆಗೀಲಿ, ಪ್ರತಿ ಫೈಲಿಗೂ ತಾರೀಖು, ಹೊತ್ತು, ದಿಕ್ಕು ಬರೆದು ಎರಡು ಹಾರ್ಡ್‌ಡಿಸ್ಕಲ್ಲಿ ಇಡ್ಲಿ. ವರ್ಷ ಆದ್ಮೇಲೆ ಅದನ್ನ ನಮ್ಮ ಪತ್ರಿಕೆಗೆ ಕಳಿಸ್ಲಿ, ನಾನೇ ಕೂತು ಒಂದೊಂದಾಗಿ ನೋಡಿ ಅಭಿಪ್ರಾಯ ಬರೀತೀನಿ.