ಹಾರ್ಟ್ ಅಟ್ಯಾಕ್ ಆದ ಮೇಲೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿಲ್ಲ. ವಾಕಿಂಗ್ ಮಾಡಿದರೆ ಮನಸ್ಸಿಗೂ ಒಳ್ಳೆಯದಾ?

ಸ್ಟೆಂಟ್ ಹಾಕಿ ಎರಡು ತಿಂಗಳಾಯ್ತು, ಡಾಕ್ಟರು ನಡೆಯಲು ಹೇಳಿದ್ದರೂ ತಂದೆ ಯಾರ ಜೊತೆಗೂ ಮಾತಾಡದೆ ಸುಮ್ನೆ ಕೂತಿರುತ್ತಾರೆ ಅಂತ ಬರೆದಿದ್ದೀರಿ. ನಾನೂ ಹೀಗೇ ಕೂತಿದ್ದೆ. ಅದು ಸೋಮಾರಿತನ ಅಲ್ಲ, ಭಯ.

ನನಗೆ ಅಟ್ಯಾಕ್ ಆದಾಗ 54 ವರ್ಷ. ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ನಾಡಿ ಹಿಡಿದು ಎಣಿಸುತ್ತಿದ್ದೆ. ನಾಲ್ಕು ಮೆಟ್ಟಿಲು ಹತ್ತಿ ಎದೆ ಢವಢವ ಅಂದರೆ ಮತ್ತೆ ಬಂತು ಅಂತ ಅಲ್ಲೇ ಕೂತುಬಿಡುತ್ತಿದ್ದೆ. ಹೆಂಡತಿ ಒಂದು ಬಕೆಟ್ ನೀರು ಎತ್ತಲೂ ಬಿಡುತ್ತಿರಲಿಲ್ಲ.

ಈ ಭಯ ಬಿಡಿಸಿದ್ದು ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ. ಬೆರಳಿಗೆ ಕ್ಲಿಪ್ ಹಾಕಿ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದಳು. ನಾಡಿ 66ರಿಂದ 90ಕ್ಕೆ ಹೋಯ್ತು, ನನ್ನ ಕೈ ಬೆವರಿತು. ಕೂರಿಸಿ, "ಸುಮ್ನೆ ನೋಡ್ತಾ ಇರಿ ಅಂಕಲ್" ಅಂದಳು. 84, 77, 70, ಕಣ್ಣೆದುರೇ ಇಳಿಯಿತು. ನಡೆದರೆ ಏರುತ್ತದೆ, ಕೂತರೆ ಇಳಿಯುತ್ತದೆ, ಹೃದಯ ತನ್ನ ಕೆಲಸ ಮಾಡುತ್ತಿದೆ ಅಂತ ಆವತ್ತು ನಂಬಿಕೆ ಬಂತು. ಆ ರಾತ್ರಿ ನಾಡಿ ಎಣಿಸದೆ ನಿದ್ದೆ ಮಾಡಿದೆ.

ಮೊದಲು ಮನೆ ಮುಂದೆ ಐದೈದು ನಿಮಿಷ, ಆಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅರ್ಧ ಗಂಟೆ. ಮಾತಾಡುತ್ತಾ ನಡೆಯಲು ಆಗಬೇಕು, ಮಾತು ಕಡಿದರೆ ಜಾಸ್ತಿ ಆಯ್ತು ಅಂತ ಅರ್ಥ. ಅಲ್ಲಿ ಬೈಪಾಸ್ ಆದ ಹಿರಿಯರೊಬ್ಬರು ಸಿಕ್ಕರು. ಮೂರನೇ ದಿನಕ್ಕೇ, "ರಾತ್ರಿ ಎದೆ ಮುಟ್ಟಿ ನೋಡ್ಕೊಳ್ಳೋದು ನಿಲ್ತಾ?" ಅಂತ ಕೇಳಿದರು. ಹೆಂಡತಿಗೂ ಹೇಳಿರಲಿಲ್ಲ ನಾನು, ಇವರಿಗೆ ಹೇಗೆ ಗೊತ್ತಾಯ್ತು! ಆಮೇಲೆ ಅವರ ಗುಂಪಿಗೇ ಸೇರಿಕೊಂಡೆ. ಮನೆಗೆ ನೋಡಲು ಬಂದವರೆಲ್ಲ ಮೆಲುದನಿಯಲ್ಲಿ ಮಾತಾಡಿ ಹೋಗುತ್ತಿದ್ದರು, ಇವರು ಮಾತ್ರ ರಾಜಕೀಯ, ಮಳೆ, ಮೊಮ್ಮಕ್ಕಳು ಅಂತ ನನ್ನ ಜೊತೆ ವಾದಕ್ಕೇ ನಿಂತರು. ಒಂದು ದಿನ ಹೋಗದಿದ್ದರೆ ಎಂಟು ಗಂಟೆಗೆಲ್ಲ ಫೋನ್ ಬರುತ್ತಿತ್ತು.

ಒಂದು ಮಾತು. ಅಟ್ಯಾಕ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ತಂದೆಗೆ ಎರಡು ವಾರದಿಂದ ಊಟ, ನಿದ್ದೆ, ಯಾವುದೂ ಬೇಡವಾಗಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ, ಎದೆನೋವು ಕಮ್ಮಿ ಆಗದಿದ್ದರೆ ನೇರ ಆಸ್ಪತ್ರೆಗೆ ಹೋಗಿ.

"ನಡೀರಿ ನಡೀರಿ" ಅಂತ ಒತ್ತಾಯ ಮಾಡಬೇಡಿ. "ಅಪ್ಪ, ಹಾಲು ತರೋಣ ಬನ್ನಿ" ಅನ್ನಿ. ರಸ್ತೆ ಕೊನೆಯ ಅಂಗಡಿವರೆಗೆ ಸಾಕು. ಜೊತೆಗೆ ಹೋಗಿ, ಆದರೆ ತೋಳು ಹಿಡಿಯಬೇಡಿ.